ದನಿಯ ಹಿಂದಿನ ಜನ



ದೂರದೇಶದ ಸುದ್ದಿ ರೇಡಿಯೋದಲ್ಲಿ ಬಂದಾಗ ನಮ್ಮ ಕಿವಿಗೆ ಬೀಳುವುದು ಒಂದು ದನಿ. ಆ ಮನುಷ್ಯ ಅಲ್ಲಿ ನಿಂತು ಕಣ್ಣಾರೆ ಕಂಡು ಹೇಳುತ್ತಿದ್ದಾನೆಯೇ, ಯಾರೋ ಬರೆದುಕೊಟ್ಟ ಕಾಗದ ಓದುತ್ತಿದ್ದಾನೆಯೇ? ಗಡಿಯ ಊರಿನವರಾದ ನಾವು ಈ ಪ್ರಶ್ನೆ ಕೇಳಲೇಬೇಕು. ನಮ್ಮಂಥವರ ಬಗ್ಗೆ ದೂರದಲ್ಲಿ ಕುಳಿತು ಮಾತಾಡುವವರು ಎಲ್ಲ ಕಾಲಕ್ಕೂ ಇದ್ದಾರೆ. ಹತ್ತಿರ ಬಂದು, ನೋಡಿ, ಕೇಳಿ ಹೇಳುವವರು ಕಡಿಮೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ರೇಡಿಯೋದ ಕೆಲವು ವರದಿಗಾರರು ಹಾಗೆ ಹತ್ತಿರ ಹೋದರು. ಅವರ ಕಥೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಬಿ.ಬಿ.ಸಿ. ಒಂದು ಸಾರ್ವಜನಿಕ ಸಂಸ್ಥೆ. ಆಗ ಅದು ರೇಡಿಯೋ ಇಟ್ಟುಕೊಂಡವರು ಕಟ್ಟುತ್ತಿದ್ದ ಲೈಸೆನ್ಸ್ ಹಣದಿಂದ ನಡೆಯುತ್ತಿತ್ತು. ನಮ್ಮಲ್ಲೂ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟುತ್ತಿದ್ದ ಕಾಲ ಹಿರಿಯರಿಗೆ ನೆನಪಿದ್ದೀತು. 1930ರ ದಶಕದಲ್ಲಿ ಅಲ್ಲಿಯ ವಾರ್ತೆಯೆಂದರೆ ಬಹುಪಾಲು ಸುದ್ದಿಸಂಸ್ಥೆಗಳು ಕಳಿಸಿದ ಬರಹವನ್ನು ಸ್ಟುಡಿಯೋದಲ್ಲಿ ಓದುವುದು. 1936ರಲ್ಲಿ ರಿಚರ್ಡ್ ಡಿಂಬಲ್ಬಿ ಎಂಬ ಯುವ ಪತ್ರಕರ್ತರು ಆ ಸಂಸ್ಥೆಗೆ ಒಂದು ಕಾಗದ ಬರೆದರು. ಸುದ್ದಿ ಹುಟ್ಟುವ ಜಾಗಕ್ಕೇ ನಿಮ್ಮ ಜನ ಮೈಕ್ ಹಿಡಿದು ಹೋಗಬೇಕು ಎಂಬುದು ಅದರ ಸಾರ. ಅದೇ ವರ್ಷ ಅವರಿಗೆ ಅಲ್ಲಿ ಕೆಲಸ ಸಿಕ್ಕಿತು.

1939ರ ಆರಂಭದಲ್ಲಿ ಡಿಂಬಲ್ಬಿ ಒಂದು ಗಡಿಯೂರಿಗೆ ಹೋದರು. ಅದರ ಹೆಸರು ಲೆ ಪೆರ್ತೂಸ್. ಪಿರನೀಸ್ ಬೆಟ್ಟಗಳ ನಡುವೆ, ಫ್ರಾನ್ಸ್ ಮತ್ತು ಸ್ಪೇನ್ ಸೇರುವಲ್ಲಿದೆ. ಅಲ್ಲಿಯ ದೊಡ್ಡ ಬೀದಿಯ ಒಂದು ಬದಿ ಫ್ರಾನ್ಸ್, ಎದುರು ಬದಿ ಸ್ಪೇನ್. 1659ರ ಒಪ್ಪಂದದಲ್ಲಿ ರಾಜರು ಗೆರೆ ಎಳೆದರು. ಗೆರೆಯ ಎರಡೂ ಕಡೆಯವರ ಹಳೆಯ ಮಾತು ಒಂದೇ, ಕೆಟಲನ್. ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಸ್ಪೇನಿನ ಅಂತರ್ಯುದ್ಧ ಕೊನೆಯ ಹಂತಕ್ಕೆ ಬಂದಿತ್ತು. ಜನವರಿ 26ರಂದು ಬಾರ್ಸಿಲೋನಾ ನಗರ ಜನರಲ್ ಫ್ರಾಂಕೋನ ಸೇನೆಯ ಕೈಸೇರಿತು. ಚಳಿಗಾಲದ ಆ ದಿನಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಫ್ರಾನ್ಸಿಗೆ ಬಂದರು. ಹೆಂಗಸರು, ಮಕ್ಕಳು, ಮುದುಕರು, ಗಾಯಗೊಂಡವರು ಬಂದರು; ಅವರ ಹಿಂದೆ, ಬಂದೂಕುಗಳನ್ನು ಗಡಿಯಲ್ಲೇ ಒಪ್ಪಿಸಿ, ಸೋತ ಸೈನಿಕರು ಬಂದರು. ಆ ಸಾಲಿನ ಪಕ್ಕದಲ್ಲಿ ನಿಂತು ಡಿಂಬಲ್ಬಿ ಮಾತಾಡಿದರು. ಬ್ರಿಟನ್ನಿನ ಜನ ಮನೆಯಲ್ಲಿ ಕುಳಿತು ಕೇಳಿದರು. ಆದರೆ ಆ ನಿರಾಶ್ರಿತರ ಪಾಡು ಅವರಿಗೆ ಮುಟ್ಟಿದ್ದು ಇಂಗ್ಲಿಷಿನಲ್ಲಿ, ವರದಿಗಾರನ ಬಾಯಿಂದ. ಈ ಮಾತನ್ನು ನೆನಪಿನಲ್ಲಿಡಿ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾಯಿತು. ಧ್ವನಿಮುದ್ರಣ ಆಗ ಸುಲಭದ ಕೆಲಸವಾಗಿರಲಿಲ್ಲ. ಗ್ರಾಮಫೋನಿನದರಂಥ ತಟ್ಟೆಯ ಮೇಲೆ ಸೂಜಿ ಗೀರು ಕೊರೆಯಬೇಕು. ಯಂತ್ರದ ಭಾರಕ್ಕೆ ಒಂದು ವಾಹನವೇ ಬೇಕು. ನೆಲ ಅದುರಿದರೆ ಸೂಜಿ ಜಿಗಿಯುತ್ತದೆ. ಅಂಥ ಯಂತ್ರವನ್ನು 1943ರ ಸೆಪ್ಟೆಂಬರಿನಲ್ಲಿ ಬಾಂಬರ್ ವಿಮಾನದೊಳಗೇ ಇಟ್ಟುಕೊಂಡು ಇಬ್ಬರು ಬರ್ಲಿನ್ ಮೇಲೆ ಹಾರಿದರು. ಮಾತಾಡಿದವರು ವಿನ್‌ಫರ್ಡ್ ವಾನ್ ಥಾಮಸ್, ತಟ್ಟೆ ನೋಡಿಕೊಂಡವರು ಇಂಜಿನಿಯರ್ ರೆಜಿನಾಲ್ಡ್ ಪಿಡ್ಸ್ಲಿ. ಶತ್ರುವಿಮಾನ ಅವರ ಮೇಲೆ ಎರಗಿದ್ದು, ತಮ್ಮ ವಿಮಾನದ ಬಂದೂಕುಗಾರ ಅದನ್ನು ಹೊಡೆದುರುಳಿಸಿದ್ದು, ಎಲ್ಲವೂ ಆ ತಟ್ಟೆಗಳಲ್ಲಿ ದಾಖಲಾಯಿತು. ಕೇಳಿದವರಿಗೆ ವಾನ್ ಥಾಮಸರ ಹೆಸರು ಉಳಿಯಿತು. ಪಿಡ್ಸ್ಲಿಯವರನ್ನು ಬಲ್ಲವರು ಕಡಿಮೆ. ಆದರೆ ಅವರ ಕೈ ನಡುಗಿದ್ದರೆ ಆ ದನಿಯೇ ಉಳಿಯುತ್ತಿರಲಿಲ್ಲ. ಇನ್ನೊಂದು ಸಂಗತಿ: ವಾನ್ ಥಾಮಸ್ ವೇಲ್ಸ್ ನಾಡಿನವರು. 1937ರಲ್ಲಿ ರಾಜ ಆರನೆಯ ಜಾರ್ಜನ ಪಟ್ಟಾಭಿಷೇಕವನ್ನು ವೆಲ್ಷ್ ಭಾಷೆಯಲ್ಲಿ ತಮ್ಮ ಜನಕ್ಕೆ ಬಣ್ಣಿಸಿ ಹೇಳಿದವರು ಇವರೇ. ದೊಡ್ಡ ಭಾಷೆಯ ಪಕ್ಕದಲ್ಲಿ ಬಾಳುವ ಸಣ್ಣ ಭಾಷೆಗೂ ರೇಡಿಯೋದಲ್ಲಿ ಒಂದು ಮೂಲೆ ಬೇಕೆಂಬುದು ಅಲ್ಲಿಯೂ ಇದ್ದ ಮಾತು.

1944ರ ಜೂನ್ 6ರಂದು ಮಿತ್ರಸೈನ್ಯ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ಅಂದಿನ ರಾತ್ರಿಯಿಂದಲೇ ಒಂಬತ್ತು ಗಂಟೆಯ ವಾರ್ತೆಯ ನಂತರ ‘ವಾರ್ ರಿಪೋರ್ಟ್’ ಎಂಬ ಕಾರ್ಯಕ್ರಮ ಶುರುವಾಯಿತು. ಅಷ್ಟರಲ್ಲಿ ಒಬ್ಬನೇ ಹೊರಬಹುದಾದ ಧ್ವನಿಮುದ್ರಣ ಯಂತ್ರ ಬಂದಿತ್ತು. ತೂಕ ಸುಮಾರು 18 ಕಿಲೋ, ಓಡಿಸಲು ಗಡಿಯಾರದಂತೆ ಕೀಲಿ ಕೊಡಬೇಕು. ಮುದ್ರಿಸಿದ್ದೆಲ್ಲ ಸೇನೆಯ ಸೆನ್ಸಾರ್ ಅಧಿಕಾರಿಗಳ ಕೈದಾಟಿಯೇ ಬರಬೇಕು. ಕೆಂಟ್ ಸ್ಟೀವನ್ಸನ್ ಎಂಬ ವರದಿಗಾರರು ಅದೇ ಜೂನ್ ತಿಂಗಳಲ್ಲಿ, ಗೈ ಬ್ಯಾಮ್ ಎಂಬವರು 1945ರ ಫೆಬ್ರವರಿಯಲ್ಲಿ, ಬಾಂಬರ್ ವಿಮಾನಗಳಲ್ಲಿ ಹೋದವರು ಹಿಂದಿರುಗಲಿಲ್ಲ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಬಂದದ್ದು 1945ರ ಏಪ್ರಿಲಿನಲ್ಲಿ. ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಉತ್ತರ ಜರ್ಮನಿಯ ಬೆಲ್ಸೆನ್ ಸೆರೆಶಿಬಿರಕ್ಕೆ ಕಾಲಿಟ್ಟಿತು. ಒಳಗೆ ಸುಮಾರು 60,000 ಕೈದಿಗಳು, ಹೆಚ್ಚಿನವರು ಯಹೂದಿಗಳು. ಹಸಿವು, ಟೈಫಸ್ ಜ್ವರ, ಮಣ್ಣು ಕಾಣದ ಸಾವಿರಾರು ಹೆಣಗಳು. ದಿನಚರಿ ಬರೆದ ಬಾಲಕಿ ಆನ್ ಫ್ರಾಂಕ್ ಅದೇ ವರ್ಷದ ಆರಂಭದಲ್ಲಿ ತೀರಿಕೊಂಡದ್ದು ಇಲ್ಲಿಯೇ. ಡಿಂಬಲ್ಬಿ ಒಳಹೊಕ್ಕು ಕಂಡದ್ದನ್ನು ಕಂಡಂತೆ ಹೇಳಿ ಲಂಡನ್ನಿಗೆ ಕಳಿಸಿದರು. ಕಚೇರಿಯವರಿಗೆ ನಂಬಲಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಕ್ರೌರ್ಯದ ಕಟ್ಟುಕಥೆಗಳೂ ಹಬ್ಬಿದ್ದವು; ಆ ಎಚ್ಚರ ತಪ್ಪಲ್ಲ. ಬೇರೆ ಕಡೆಯಿಂದ ಖಚಿತವಾಗುವ ತನಕ ವರದಿಯನ್ನು ತಡೆದರು. ಇದು ಪ್ರಸಾರವಾಗದಿದ್ದರೆ ತಾನು ಇನ್ನೆಂದೂ ಮೈಕಿನ ಮುಂದೆ ಬರುವುದಿಲ್ಲ ಎಂದು ಡಿಂಬಲ್ಬಿ ಪಟ್ಟು ಹಿಡಿದರು. ಕೊನೆಗೆ ಏಪ್ರಿಲ್ 19ರಂದು ಮೊಟಕುಗೊಳಿಸಿದ ರೂಪದಲ್ಲಿ ಅದು ಪ್ರಸಾರವಾಯಿತು.

ಮರುದಿನ ಶುಕ್ರವಾರ. ಬಿ.ಬಿ.ಸಿ.ಯ ಜರ್ಮನ್ ವಿಭಾಗದ ಪ್ಯಾಟ್ರಿಕ್ ಗಾರ್ಡನ್ ವಾಕರ್ ಅದೇ ಶಿಬಿರದಲ್ಲಿದ್ದರು. ಸೈನ್ಯದ ಯಹೂದಿ ಪುರೋಹಿತರು ಬಯಲಿನಲ್ಲಿ ಸಬ್ಬತ್ ಪ್ರಾರ್ಥನೆ ನಡೆಸಿದರು. ನಿಲ್ಲಲೂ ತ್ರಾಣವಿಲ್ಲದವರು ಸೇರಿಕೊಂಡು ಹಾಡಿದರು. ಗಾರ್ಡನ್ ವಾಕರ್ ತಾವು ಸುಮ್ಮನಾಗಿ ಆ ಹಾಡನ್ನು ಮುದ್ರಿಸಿಕೊಂಡರು. ಬದುಕುಳಿದವರ ಮುಂದೆ ಮೈಕ್ ಹಿಡಿದು, ಅವರ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿದರು. ಇವರೇ 1964ರಲ್ಲಿ ಕೆಲವು ತಿಂಗಳು ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾದರು. ಆ ಹುದ್ದೆಯನ್ನು ಇಂದು ಮರೆತವರಿದ್ದಾರೆ. ಆ ಹಾಡಿನ ಮುದ್ರಿಕೆ ಇಂದಿಗೂ ಉಳಿದಿದೆ.

ಲೆ ಪೆರ್ತೂಸಿನ ಬೀದಿಯಿಂದ ಬೆಲ್ಸೆನ್ ಬಯಲಿಗೆ ಆರು ವರ್ಷಗಳ ದಾರಿ. ಮೊದಲಲ್ಲಿ ವರದಿಗಾರ ನೊಂದವರ ಪಕ್ಕ ನಿಂತು ಅವರ ಬಗ್ಗೆ ಹೇಳಿದ. ಕೊನೆಯಲ್ಲಿ ಮೈಕನ್ನು ಅವರತ್ತಲೇ ತಿರುಗಿಸಿದ. ಎರಡೂ ಬೇಕು. ಕಂಡವನ ಸಾಕ್ಷಿ ಇಲ್ಲದಿದ್ದರೆ ಲೋಕ ನಂಬುವುದಿಲ್ಲ. ಅನುಭವಿಸಿದವನ ದನಿ ಇಲ್ಲದಿದ್ದರೆ ಲೋಕಕ್ಕೆ ಅರ್ಥವಾಗುವುದಿಲ್ಲ.

ಕೇಳುಗರೇ, ಶಾಲೆ, ಕಚೇರಿ, ಬಸ್ಸಿನ ಬೋರ್ಡು ಒಂದು ಭಾಷೆಯಲ್ಲಿ, ಅಡುಗೆಮನೆ ಮತ್ತು ಜೋಗುಳ ಇನ್ನೊಂದರಲ್ಲಿ ಇರುವ ಊರುಗಳು ನಮ್ಮವು. ಮುಂದೆ ಯಾವ ನಾಡಿನ ನಿರಾಶ್ರಿತರ ಸುದ್ದಿಯಾಗಲಿ, ಯಾವ ಗಡಿಯ ಜಗಳವಾಗಲಿ ನಿಮ್ಮ ಕಿವಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಹೇಳುವವನು ಅಲ್ಲಿಗೆ ಹೋಗಿದ್ದನೇ? ಅಲ್ಲಿಯವರಿಗೆ ಮಾತಾಡಲು ಬಿಟ್ಟನೇ? ಯಾರಾದರೂ ಮೈಕ್ ಹಿಡಿದು ನಿಮ್ಮ ಜಗಲಿಗೆ ಬಂದರೆ ಸಂಕೋಚಪಡಬೇಡಿ, ನಿಮ್ಮ ಮಾತಿನಲ್ಲೇ ಹೇಳಿ.