ನೋಡು ಮತ್ತು ನೋಡಿಕೊಳ್ಳು: ಬೆಂಗಳೂರು ದಂಡಿನ ವಾರ್ಡುಗಳಲ್ಲಿ ದಾದಿಯ ರೋಗಪರೀಕ್ಷೆಯ ಚರಿತ್ರೆಗೆ ಒಂದು ತಿದ್ದುಪಡಿ

ಬೆಂಗಳೂರು ದಂಡಿನ ವೈದ್ಯಕೀಯ ಚರಿತ್ರೆಯನ್ನು ಬರೆಯುವವರು 1863ರ ಒಂದು ವರದಿಯನ್ನು ಬಿಡುವುದಿಲ್ಲ. ಹಿಂದೂಸ್ಥಾನದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಿದ ರಾಯಲ್ ಕಮಿಷನ್ನಿನ ವರದಿ ಅದು. ಒಂದೊಂದು ಠಾಣ್ಯದಿಂದಲೂ ತರಿಸಿದ ಉತ್ತರಗಳನ್ನು ಓದಿ ಫ್ಲಾರೆನ್ಸ್ ನೈಟಿಂಗೇಲ್ ಬರೆದ ಅವಲೋಕನಗಳು ಅದರೊಡನೆ ಬೆಳಕು ಕಂಡವು. ನಮ್ಮವರು ಎತ್ತಿಕೊಳ್ಳುವುದು ಯಾವಾಗಲೂ ಒಂದೇ ಭಾಗ: ಹಲಸೂರು ಕೆರೆ, ಅದಕ್ಕೆ ಇಳಿಯುತ್ತಿದ್ದ ಬಜಾರಿನ ಕೊಳಚೆ. ಕೆರೆಗಳ ಬಗ್ಗೆ, ಚರಂಡಿಗಳ ಬಗ್ಗೆ ಬರೆಯುವವರಿಗೆ ಅದು ಬೇಕಾದದ್ದೇ. ಅದೇ ಅವಲೋಕನಗಳಲ್ಲಿ ಆಸ್ಪತ್ರೆಗಳನ್ನು ಕುರಿತ ಪುಟಗಳೂ ಇವೆ. ಅವನ್ನು ಓದಿದವರು ಕಡಿಮೆ. ಓದಿದವರೂ ತಪ್ಪಾಗಿ ಓದಿದ್ದಾರೆ ಎಂಬುದು ನನ್ನ ವಾದ.

ತಪ್ಪು ಯಾವುದೆಂದು ಹೇಳಲು ಇತ್ತೀಚಿನ ಒಂದು ಸಂಗತಿಯಿಂದ ಹೊರಡಬೇಕು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಪರಿಷ್ಕರಿಸಿತು. ‘ಮೆಡಿಕಲ್ ಸರ್ಜಿಕಲ್ ನರ್ಸಿಂಗ್’ ಎಂದು ಕಲಿಸುತ್ತಿದ್ದ ವಿಷಯ ‘ಅಡಲ್ಟ್ ಹೆಲ್ತ್ ನರ್ಸಿಂಗ್’ ಆಯಿತು. ಎರಡನೆಯ ಸೆಮಿಸ್ಟರಿನ ನರ್ಸಿಂಗ್ ಫೌಂಡೇಶನ್ನಿನೊಳಗೆ ‘ಹೆಲ್ತ್ ಅಸೆಸ್‌ಮೆಂಟ್’ ಎಂಬ ಘಟಕ ಸೇರಿತು. ರೋಗಿಯನ್ನು ಕಣ್ಣಿಟ್ಟು ನೋಡುವುದು, ಮುಟ್ಟಿ ನೋಡುವುದು, ಬೆರಳಿನಿಂದ ತಟ್ಟಿ ನೋಡುವುದು, ಸ್ಟೆತಸ್ಕೋಪ್ ಇಟ್ಟು ಆಲಿಸುವುದು ಈಗ ವಿದ್ಯಾರ್ಥಿನಿ ಲೆಕ್ಕ ಒಪ್ಪಿಸಬೇಕಾದ ವಿದ್ಯೆಗಳು. ಇದು ಬಂದದ್ದೇ ತಡ, ಒಂದು ಕಥೆ ಹುಟ್ಟಿಕೊಂಡಿತು. ಪರೀಕ್ಷೆ ಮಾಡುವುದು ಡಾಕ್ಟರ ಕೆಲಸವಾಗಿತ್ತು, ದಾದಿಯದು ಮಾತ್ರೆ ಕೊಟ್ಟು ಹಾಸಿಗೆ ಹಾಸುವ ಕೆಲಸವಾಗಿತ್ತು, ಡಾಕ್ಟರು ತಮ್ಮ ಕೆಲಸದಲ್ಲಿ ಒಂದು ತುಂಡನ್ನು ಈಗಷ್ಟೇ ಅವಳಿಗೆ ಬಿಟ್ಟುಕೊಟ್ಟಿದ್ದಾರೆ ಎಂಬ ಕಥೆ. ಸೆಮಿನಾರುಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಕಥೆಗೆ ಮೊದಲ ಅಧ್ಯಾಯ ಬೇಕಾದಾಗ 1863ರ ‘ವಾರ್ಡ್ ಕೂಲಿ’ಯನ್ನು ಕರೆತರುತ್ತಾರೆ.

ಆ ಸಾಕ್ಷ್ಯವನ್ನು ನೋಡೋಣ. ಸೈನಿಕ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕ ಇರುತ್ತಿದ್ದವನು ಕೂಲಿಗೆ ಬಂದ ಆಳು. ಅವನಿಗೆ ತರಬೇತಿಯಿಲ್ಲ, ಇನ್ನೂ ಮೇಲಾದ ಕೆಲಸ ಸಿಕ್ಕರೆ ಹೊರಟುಬಿಡುತ್ತಾನೆ. ಕಾಯಿಲೆ ಬಿಗಡಾಯಿಸಿದರೆ ಪಲ್ಟನ್ನಿನಿಂದಲೇ ಒಬ್ಬ ಸಿಪಾಯಿಯನ್ನು ಕರೆಸಿ ಕೂರಿಸುತ್ತಾರೆ. (ಇದು ಬೆಂಗಳೂರಿಗೇ ಮೀಸಲಾದ ಮಾತಲ್ಲ, ಹಿಂದೂಸ್ಥಾನದ ಠಾಣ್ಯಗಳಿಗೆಲ್ಲ ಸೇರಿಸಿ ಆಡಿದ್ದು. ಇದನ್ನು ದಂಡಿನ ಒಂದು ಆಸ್ಪತ್ರೆಯ ಚಿತ್ರವೆಂಬಂತೆ ಬಳಸುವುದು ಮೊದಲನೆಯ ತಪ್ಪು.) ಇದರಿಂದ ನಮ್ಮವರು ತೆಗೆಯುವ ತೀರ್ಮಾನ ಎರಡು ಬಗೆಯದು. ಇಲ್ಲಿನ ಜನಕ್ಕೆ ಶುಶ್ರೂಷೆಯೇ ಗೊತ್ತಿರಲಿಲ್ಲ, ಅದನ್ನು ಇಂಗ್ಲಿಷ್ ಹೆಂಗಸರು ಬಂದು ಕಲಿಸಿದರು ಎನ್ನುವುದು ಒಂದು ಪಕ್ಷ. ನೈಟಿಂಗೇಲ್ ಭಾರತಕ್ಕೆ ಕಾಲಿಟ್ಟವಳಲ್ಲ, ಅವಳದು ಬರೀ ಜನಾಂಗದ ತಿರಸ್ಕಾರ, ಆ ಪುಟಗಳನ್ನು ಬದಿಗಿಡಿ ಎನ್ನುವುದು ಇನ್ನೊಂದು. ಆ ಬರವಣಿಗೆಯಲ್ಲಿ ತಿರಸ್ಕಾರದ ಧ್ವನಿ ಇದೆ, ಅದನ್ನು ನಾನು ಮುಚ್ಚುವುದಿಲ್ಲ. ಆದರೆ ಎರಡೂ ಪಕ್ಷಗಳು ಆಕೆಯ ದೂರು ಏನು ಎಂಬುದನ್ನೇ ಕೇಳಿಕೊಂಡಿಲ್ಲ.

ದೂರು ತಿಳಿಯಬೇಕಾದರೆ ಆಕೆ ಆಗಷ್ಟೇ, 1859ರಲ್ಲಿ, ಪ್ರಕಟಿಸಿದ್ದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಅದರಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ‘ರಾತ್ರಿ ಚೆನ್ನಾಗಿ ನಿದ್ದೆ ಬಂತೇ’ ಎಂದು ಕೇಳುವುದು ಕೇಳಿದಂತೆಯೇ ಅಲ್ಲ ಎಂಬುದು ಅಲ್ಲಿನ ವಾದ. ಒಬ್ಬನಿಗೆ ಹತ್ತು ಗಂಟೆ ಎಡೆಬಿಡದೆ ಮಲಗದಿದ್ದರೆ ಕೆಟ್ಟ ರಾತ್ರಿ. ಇನ್ನೊಬ್ಬನಿಗೆ ಆಗಾಗ ತೂಕಡಿಕೆ ಬಂದರೂ ಒಳ್ಳೆಯ ರಾತ್ರಿ. ಎಷ್ಟು ಗಂಟೆ ಮಲಗಿದ, ಯಾವ ಹೊತ್ತಿನಲ್ಲಿ ಮಲಗಿದ ಎಂದು ಕೇಳಬೇಕು. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಬೇಡ, ಎಣಿಕೆ ಬೇಕು, ಹೊತ್ತು ಬೇಕು. ಈಗ ಸೈನ್ಯದ ಠಾಣ್ಯಗಳಿಗೆ ಹೋದ ಅಚ್ಚಿನ ಪ್ರಶ್ನಾವಳಿಯನ್ನು ನೆನೆಯಿರಿ. ಅದನ್ನು ಸಿದ್ಧಪಡಿಸಿದವರಲ್ಲಿ ವೈದ್ಯ ಜಾನ್ ಸದರ್ಲೆಂಡ್, ಅಂಕಿಅಂಶಗಳ ವಿಲಿಯಂ ಫಾರ್ ಅವರ ಜೊತೆ ಆಕೆಯೂ ಇದ್ದಳು. ಬೆಂಗಳೂರಿಗೂ ಬಂದದ್ದು ಅದೇ ಪ್ರಶ್ನಾವಳಿ. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಂದು ಕೋಣೆಯಲ್ಲಿ ಎಷ್ಟು ಜನ ಎಂದು ಕೇಳುವ ಆ ಪತ್ರ ಹಾಸಿಗೆ ಪಕ್ಕದ ವಿಧಾನವನ್ನೇ ಇಡೀ ಊರಿಗೆ ಹಿಗ್ಗಿಸಿದ ಕೇಸ್ ಶೀಟು. ಇಂಗ್ಲಿಷ್ ಸಿಪಾಯಿಗಳು ಈ ದೇಶದಲ್ಲಿ ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದಾರೆಂಬ ಕಮಿಷನ್ನಿನ ಪ್ರಸಿದ್ಧ ಅಂಕಿಯೂ ಇದೇ ಎಣಿಕೆಯ ಹಟದಿಂದ ಹೊರಬಂದದ್ದು.

ಹೀಗೆ ಓದಿದಾಗ ವಾರ್ಡ್ ಕೂಲಿಯ ಭಾಗ ಬೇರೆಯೇ ಅರ್ಥ ಕೊಡುತ್ತದೆ. ಇಡೀ ರಾತ್ರಿ ರೋಗಿಯ ಹತ್ತಿರ ಇದ್ದವನು ಆ ಆಳು. ಕಂಡದ್ದನ್ನು ಅವನು ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು, ಹೇಳಿದರೆ ಯಾರು ನಂಬುತ್ತಾರೆ ಎಂಬ ವ್ಯವಸ್ಥೆಯೇ ಇರಲಿಲ್ಲ. ಬೆಳಿಗ್ಗೆ ಬರುವ ಸರ್ಜನ್ನನಿಗೆ ರಾತ್ರಿಯೆಂಬುದೇ ಇರಲಿಲ್ಲ. ನಮ್ಮ ಕನ್ನಡದ ಎರಡು ಕ್ರಿಯಾಪದಗಳಲ್ಲಿ ಇದನ್ನು ಹೇಳಬಹುದು. ‘ನೋಡಿಕೊಳ್ಳು’ ಎಂಬುದರ ಒಳಗೆ ‘ನೋಡು’ ಇದೆ. ಸೈನ್ಯದ ಆಸ್ಪತ್ರೆ ಆ ಎರಡನ್ನೂ ಸೀಳಿ, ನೋಡುವುದನ್ನು ಸರ್ಜನ್ನನಿಗೂ ನೋಡಿಕೊಳ್ಳುವುದನ್ನು ಕೂಲಿಗೂ ಹಂಚಿತ್ತು. ನೈಟಿಂಗೇಲಳ ದೂರು ಆ ಸೀಳಿನ ಮೇಲೆ. ಆ ಕೂಲಿಯಾಳು ಏನೂ ಕಾಣಲಿಲ್ಲ ಎನ್ನಲು ನಮ್ಮ ಬಳಿ ಆಧಾರವಿಲ್ಲ. ಅವನು ಕಂಡದ್ದಕ್ಕೆ ನಮೂನೆಯಲ್ಲಿ ಅಂಕಣವಿರಲಿಲ್ಲ, ಅಷ್ಟೆ. ಅವನ ಮೌನವನ್ನು ಕುರುಡೆಂದು ಓದಿದ್ದು ನಮ್ಮ ಸಂಶೋಧಕರ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡ ತಪ್ಪು.

ಇಲ್ಲಿ ಮೂರನೆಯ ಗುಂಪೊಂದು ಕೈಯೆತ್ತುತ್ತದೆ. ಚರಕನೇ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನು ಸೇರಿಸಿದ್ದಾನೆ, ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿ ಎಂಬ ಗುಣಗಳನ್ನು ಹೇಳಿದ್ದಾನೆ, ಆದ್ದರಿಂದ ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎಂದು. ಹೇಳಿರುವುದು ನಿಜ. ಆದರೆ ಗ್ರಂಥದಲ್ಲಿ ಗುಣ ಬರೆದಿರುವುದಕ್ಕೂ ಶಿವಾಜಿನಗರದ ವಾರ್ಡಿನಲ್ಲಿ ಯಾರೋ ನಾಡಿ ಹಿಡಿದದ್ದಕ್ಕೂ ನಡುವಿನ ಸೇತುವೆಯನ್ನು ಇವರು ಕಟ್ಟಿ ತೋರಿಸಿಲ್ಲ. ‘ಶುಶ್ರೂಷೆ’ ಎಂಬ ಪದದ ಧಾತು ‘ಶ್ರು’, ಕೇಳಬೇಕೆಂಬ ಬಯಕೆ ಅದರ ಮೂಲಾರ್ಥ, ಸೇವೆ ಎಂಬುದು ಆಮೇಲಿನದು. ಈ ವ್ಯುತ್ಪತ್ತಿ ನನ್ನ ವಾದಕ್ಕೆ ಅನುಕೂಲವಾದದ್ದೇ. ಆದರೂ ಅದನ್ನು ಸಾಕ್ಷ್ಯವಾಗಿ ಹೂಡುವುದಿಲ್ಲ. ಪದದ ಬೇರು ಆಚರಣೆಯ ದಾಖಲೆಯಾಗುವುದಿಲ್ಲ.

ಆಚರಣೆಯ ದಾಖಲೆ ಸಿಗುವುದು ಜ್ವರದ ಹಾಳೆಯಲ್ಲಿ. ಹಿಂದೆ ಒಂದು ಅಡಿಯಷ್ಟು ಉದ್ದವಿದ್ದು ಇಪ್ಪತ್ತು ನಿಮಿಷ ಹಿಡಿಯುತ್ತಿದ್ದ ಥರ್ಮಾಮೀಟರನ್ನು ಕ್ಲಿಫರ್ಡ್ ಆಲ್ಬಟ್ 1867ರ ಸುಮಾರಿಗೆ ಆರು ಇಂಚಿಗೆ, ಐದು ನಿಮಿಷಕ್ಕೆ ಇಳಿಸಿದ. 1868ರಲ್ಲಿ ಜರ್ಮನಿಯ ವುಂಡರ್ಲಿಕ್ ಒಂದೊಂದು ಜ್ವರಕ್ಕೂ ಅದರದೇ ಏರಿಳಿತವಿದೆ ಎಂದು ತೋರಿಸಿದ. ಅದೇ ಕಾಲಕ್ಕೆ ದಂಡಿನಲ್ಲಿ, ಕಮಿಷನರ್ ಬೌರಿಂಗ್ ಅವರ ಹೆಸರಿನ ಸಿವಿಲ್ ಆಸ್ಪತ್ರೆ ಮೇಲೇಳುತ್ತಿತ್ತು. ಉಪಕರಣ ಚಿಕ್ಕದಾದ ಮೇಲೆ ಅದು ದಿನಕ್ಕೊಮ್ಮೆ ಬರುವವರ ಜೇಬಿನಲ್ಲಿ ಉಳಿಯಲಾರದೆ ಸದಾ ಇರುವವರ ಕೈಗೆ ಬಂತು. ಇದನ್ನು ಯಾರೂ ಬಿಟ್ಟುಕೊಟ್ಟದ್ದಲ್ಲ. ನಾಲ್ಕು ಗಂಟೆಗೊಮ್ಮೆ ಅಳೆಯಬೇಕಾದ ಕೆಲಸವನ್ನು ನಾಲ್ಕು ಗಂಟೆಗೊಮ್ಮೆ ಅಲ್ಲಿರುವವರೇ ಮಾಡಬೇಕು.

ಅದರ ಪೂರ್ತಿ ಬೆಲೆ ತಿಳಿದದ್ದು ಟೈಫಾಯ್ಡಿನಲ್ಲಿ. ಹೊಸದಾಗಿ ಹಡಗಿಳಿದು ಬಂದ ಎಳೆಯ ಸಿಪಾಯಿಗಳನ್ನು ಹಿಡಿಯುತ್ತಿದ್ದ ಕಾಯಿಲೆ ಅದು. ಆಗ ಅದಕ್ಕೆ ಮದ್ದಿರಲಿಲ್ಲ. ವಾರಗಟ್ಟಲೆ ಆರೈಕೆಯೇ ಚಿಕಿತ್ಸೆ. ಟೈಫಾಯ್ಡಿನಲ್ಲಿ ಜ್ವರ ಎತ್ತರದಲ್ಲಿದ್ದರೂ ನಾಡಿ ಅದಕ್ಕೆ ತಕ್ಕಷ್ಟು ಓಡುವುದಿಲ್ಲ. ಮೂರನೆಯ ವಾರದ ಹೊತ್ತಿಗೆ ಒಂದು ರಾತ್ರಿ ಜ್ವರ ಸರ್ರನೆ ಇಳಿದರೆ, ತಿಳಿಯದವರು ಗುಣವಾಯಿತೆಂದು ಸಂತೋಷಪಡುತ್ತಾರೆ. ಬಲ್ಲ ದಾದಿ ಮಣಿಕಟ್ಟು ಹಿಡಿಯುತ್ತಾಳೆ. ನಾಡಿ ಏರುತ್ತಿದ್ದರೆ, ಮುಖ ಬಿಳಿಚಿದ್ದರೆ, ಹೊಟ್ಟೆ ಬಿಗಿಯುತ್ತಿದ್ದರೆ ಕರುಳಿನಲ್ಲಿ ರಕ್ತ ಹರಿಯುತ್ತಿದೆ, ಇಲ್ಲವೇ ಕರುಳು ತೂತಾಗಿದೆ. ಹಾಳೆಯಲ್ಲಿ ಇಳಿಯುವ ಜ್ವರದ ಗೆರೆಯೂ ಏರುವ ನಾಡಿಯ ಗೆರೆಯೂ ಒಂದನ್ನೊಂದು ಅಡ್ಡ ಹಾಯುತ್ತವೆ. ಆ ಅಡ್ಡಗೆರೆಯನ್ನು ಬರೆದದ್ದು, ಬರೆಯುವ ಮೊದಲೇ ಅದರ ಅರ್ಥ ತಿಳಿದು ಡಾಕ್ಟರನ್ನು ಎಬ್ಬಿಸಿದ್ದು ದಾದಿ. ಒಂದು ಲಕ್ಷಣವನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಿ, ಇದು ಅಪಾಯ ಎಂದು ನಿರ್ಣಯಿಸಿ, ಕಾರ್ಯಕ್ಕಿಳಿಯುವುದನ್ನು ‘ಅಸೆಸ್‌ಮೆಂಟ್’ ಎನ್ನದೆ ಇನ್ನೇನೆನ್ನಬೇಕು?

1888ರಲ್ಲಿ ಕ್ಯಾಥರೀನ್ ಲಾಕ್ ಮತ್ತು ಆಕ್ಸ್‌ಲಿ ಅವರ ನಾಯಕತ್ವದಲ್ಲಿ ಸೈನ್ಯಕ್ಕಾಗಿ ಬಂದ ಮೊದಲ ಶುಶ್ರೂಷಕಿಯರ ತಂಡ ಹೆಗಲಿಗೇರಿಸಿಕೊಂಡದ್ದು ಮುಖ್ಯವಾಗಿ ಇಂಥ ಜ್ವರಗಳನ್ನು. ಆ ಪರಂಪರೆಯೇ 1926ರಲ್ಲಿ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವೀಸ್ ಆಯಿತು. ಇಂದು ಹಳೆ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ, ಅದರ ನರ್ಸಿಂಗ್ ಕಾಲೇಜಿನಲ್ಲಿ ಅದು ಮುಂದುವರಿದಿದೆ. ದಂಡಿನ ವೈದ್ಯಚರಿತ್ರೆಯಲ್ಲಿ ರೊನಾಲ್ಡ್ ರಾಸ್‌ಗೆ ಸಿಕ್ಕಿರುವ ಪುಟಗಳನ್ನು ಎಣಿಸಿ. 1883ರಲ್ಲಿ ಇಲ್ಲಿನ ಬಂಗಲೆಯ ಹೊರಗಿದ್ದ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಆತ ಗಮನಿಸಿದ್ದು ಗಮನಾರ್ಹವೇ. ಆದರೆ ನಾಲ್ಕು ಗಂಟೆಗೊಮ್ಮೆ ಗಮನಿಸಿದ ಹೆಂಗಸರಿಗೆ ಒಂದು ಪುಟವಾದರೂ ಸಲ್ಲಬೇಕಿತ್ತು.

ಸ್ವಾತಂತ್ರ್ಯಾನಂತರದ್ದನ್ನು ಬೇಗ ದಾಟುತ್ತೇನೆ. 1947ರಲ್ಲಿ ದಂಡು ಮೈಸೂರಿಗೆ ಮರಳಿತು. ಅದೇ ವರ್ಷ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂತು, 1961ರಲ್ಲಿ ನಮ್ಮ ರಾಜ್ಯದ ನರ್ಸುಗಳ ನೋಂದಣಿ ಕಾಯಿದೆ. ತರಬೇತಿ ಹರಡಿತು, ನೋಂದಣಿ ಬಿಗಿಯಾಯಿತು. ಅದರ ಜೊತೆಗೇ ‘ಡಾಕ್ಟರ್ ಆರ್ಡರ್’ ಎಂಬ ಮಾತು ಬಲಿತು, ದಾದಿ ಕಂಡದ್ದು ಕೇಸ್ ಶೀಟಿನ ಅಂಚಿಗೆ ಸರಿಯಿತು. ಕಳೆದದ್ದು ವಿದ್ಯೆಯಲ್ಲ, ಅದಕ್ಕಿದ್ದ ಅಧಿಕಾರ.

ವಿದ್ಯೆ ಉಳಿದಿತ್ತು ಎನ್ನಲು ನಾನೇ ಸಾಕ್ಷಿ. ಶಿವಾಜಿನಗರದ ಕಡೆಯ ಒಂದು ಹಳೆಯ ವಾರ್ಡಿನಲ್ಲಿ ನಾನು ಕಲಿಯುತ್ತಿದ್ದಾಗ ಹಿರಿಯ ಸಿಸ್ಟರೊಬ್ಬರು ರೋಗಿಯ ಮಣಿಕಟ್ಟನ್ನು ಅವನ ಎದೆಯ ಮೇಲಿಟ್ಟು ಹಿಡಿಯುತ್ತಿದ್ದರು. ಮೊದಲ ಅರ್ಧ ನಿಮಿಷ ನಾಡಿ. ಆಮೇಲೆ ಕೈ ಬಿಡದೆ, ಕಣ್ಣು ಗಡಿಯಾರದಿಂದ ಕದಲಿಸದೆ, ಎದೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದರು. ‘ಉಸಿರು ಎಣಿಸ್ತಿದೀವಿ ಅಂತ ಅವರಿಗೆ ಗೊತ್ತಾಗಬಾರದು ಮಗಾ, ಗೊತ್ತಾದ್ರೆ ಉಸಿರೇ ಬದಲಾಗುತ್ತೆ’ ಎನ್ನುತ್ತಿದ್ದರು. ಅವರ ಹೆಸರು ಯಾವ ಲೇಖನದಲ್ಲೂ ಬಂದಿಲ್ಲ. ಈ ಲೇಖನದ ಪಕ್ಷಪಾತ ಏನಾದರೂ ಇದ್ದರೆ ಅದು ಅವರ ಕಡೆಗೆ.

ಅವರು ಎಣಿಸುತ್ತಿದ್ದುದರ ತೂಕ ಈಗ ಅಂಕೆಯಲ್ಲಿ ಸಿಗುತ್ತದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಮುನ್ನೆಚ್ಚರಿಕೆಯ ಕೋಷ್ಟಕದಲ್ಲಿ ಉಸಿರು, ಆಮ್ಲಜನಕದ ಮಟ್ಟ, ಬಿಪಿ, ನಾಡಿ, ಎಚ್ಚರ, ಜ್ವರ ಎಂಬ ಆರಕ್ಕೆ ಅಂಕಗಳಿವೆ. ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದರೆ ಅದಕ್ಕೆ ಬೇರೆ. ಒಟ್ಟು 5 ಆದರೆ ಡಾಕ್ಟರು ಬೇಗ ಬರಬೇಕು, 7 ಆದರೆ ತುರ್ತು. ಉಸಿರು ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಹೀಗಿರುವಾಗ, ನಾನು ಕಂಡ ಇನ್ನೊಂದು ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಇಡೀ ವಾರ್ಡಿನ ಹಾಳೆಗಳಲ್ಲಿ ಉಸಿರಿನ ಅಂಕಣಕ್ಕೆ ‘20’ ಎಂದೇ ಬರೆದಿತ್ತು. ಎಣಿಸಿದವರು ಯಾರೂ ಇರಲಿಲ್ಲ. ಆ ಹುಡುಗಿಯರನ್ನು ನಾನು ದೂರುವುದಿಲ್ಲ. ತಮ್ಮ ಎಣಿಕೆಯನ್ನು ರೌಂಡ್ಸಿನಲ್ಲಿ ಯಾರೂ ಓದುವುದಿಲ್ಲವೆಂದು ಅವರು ಕಲಿತಿದ್ದರು. 1863ರ ವಾರ್ಡ್ ಕೂಲಿಯೂ ಕಲಿತದ್ದು ಅದನ್ನೇ.

ಆದ್ದರಿಂದ 2021ರ ಘಟಕವನ್ನು ಹೊಸ ವಿದ್ಯೆಯ ಆಗಮನವೆಂದು ಓದುವುದು ತಪ್ಪು. ಸ್ಟೆತಸ್ಕೋಪಿನ ಆಲಿಸುವಿಕೆ, ಬೆರಳಿನ ತಟ್ಟುವಿಕೆ ಅವಳ ಕೈಗೆ ಹೊಸದಾಗಿ ಬಂದವು, ಒಪ್ಪುತ್ತೇನೆ. ತೂಗಿ ನೋಡಿ ನಿರ್ಣಯಿಸುವುದು ಹಳೆಯದು. ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಶಿಕ್ಷಣ ಶುರುವಾಗಿರುವ ಕಾಲದಲ್ಲಿ ಈ ವ್ಯತ್ಯಾಸ ಬರೀ ಪಾಂಡಿತ್ಯದ ಜಗಳವಲ್ಲ. ಹಿಂದೆ ಇದ್ದದ್ದನ್ನು ಹಿಂದಿರುಗಿ ಕೇಳುವವಳ ದನಿಯೇ ಬೇರೆ, ದಾನ ಪಡೆಯುವವಳ ದನಿಯೇ ಬೇರೆ.

ಈ ಚರಿತ್ರೆಯ ಮುಂದಿನ ಸಾಕ್ಷ್ಯ ಗ್ರಂಥಾಲಯಗಳಲ್ಲಿಲ್ಲ. ಹಲಸೂರು, ಫ್ರೇಜರ್ ಟೌನ್, ಕೆ.ಆರ್. ಪುರದ ಕಡೆಯ ಯಾವುದಾದರೂ ಮನೆಯಲ್ಲಿ, ನರ್ಸಾಗಿದ್ದ ಅಜ್ಜಿಯ ಅಥವಾ ದೊಡ್ಡಮ್ಮನ ಟ್ರಂಕಿನಲ್ಲಿ, ವಾರ್ಡಿನ ನೋಟ್‌ಬುಕ್ಕೋ ಗೆರೆ ಎಳೆದ ಜ್ವರದ ಹಾಳೆಯೋ ಇದ್ದರೆ ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.