ಅದೃಷ್ಟವನ್ನು ಅಳೆಯಲು ಹೊರಟವರು

ಪರಂಗಿ ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ. ಅದನ್ನು ಮೊಲದ ರಕ್ತನಾಳಕ್ಕೆ ಚುಚ್ಚಿದರೆ, ಸೆಟೆದು ನಿಂತಿದ್ದ ಕಿವಿಗಳು ಬಾಡಿದ ಎಲೆಯ ಹಾಗೆ ಜೋತುಬೀಳುತ್ತವೆ. ಕೆಲವು ದಿನ ಕಳೆದರೆ ತಾವಾಗಿಯೇ ಮತ್ತೆ ನೆಟ್ಟಗಾಗುತ್ತವೆ. ಕಳೆದ ಶತಮಾನದ ನಡುಭಾಗದಲ್ಲಿ ನ್ಯೂಯಾರ್ಕ್‌ನ ಇಬ್ಬರು ವೈದ್ಯವಿಜ್ಞಾನಿಗಳು, ಲೂಯಿಸ್ ಥಾಮಸ್ ಮತ್ತು ಆರನ್ ಕೆಲ್ನರ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದನ್ನು ಕಂಡರು. ಇಬ್ಬರೂ ಹುಡುಕುತ್ತಿದ್ದದ್ದು ಬೇರೆ ಏನನ್ನೋ. ಕೆಲ್ನರ್ ಅವರ ಗಮನ ಹೃದಯದ ಸ್ನಾಯುವಿನ ಮೇಲಿತ್ತು. ಕಿವಿಯ ವಿಚಾರ ಹಿಂದೆ ಬಿತ್ತು. ಥಾಮಸ್ ಕಿವಿಯ ಮೃದ್ವಸ್ಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಏನೂ ಕಾಣಲಿಲ್ಲ, ಅವರೂ ಬಿಟ್ಟರು.

ವರ್ಷಗಳ ನಂತರ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಥಾಮಸ್ ಅದೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದರು. ಈ ಸಲ ಒಂದು ಸಣ್ಣ ವ್ಯತ್ಯಾಸವಿತ್ತು. ಚುಚ್ಚುಮದ್ದು ಪಡೆದ ಮೊಲದ ಕಿವಿಯ ತುಣುಕಿನ ಪಕ್ಕದಲ್ಲಿ ಆರೋಗ್ಯವಂತ ಮೊಲದ ಕಿವಿಯ ತುಣುಕನ್ನೂ ಇಟ್ಟರು. ಜೀವಕೋಶಗಳ ನಡುವಿನ ಪದಾರ್ಥ ಬಹುಪಾಲು ಮಾಯವಾಗಿದ್ದು ಆಗ ಕಣ್ಣಿಗೆ ಬಿತ್ತು. ಜಡವೆಂದು ಎಲ್ಲರೂ ನಂಬಿದ್ದ ಮೃದ್ವಸ್ಥಿ ಜಡವಾಗಿರಲಿಲ್ಲ.

1958ರಲ್ಲಿ ಬರ್ನಾರ್ಡ್ ಬಾರ್ಬರ್ ಮತ್ತು ರೆನೀ ಫಾಕ್ಸ್ ಎಂಬ ಸಮಾಜಶಾಸ್ತ್ರಜ್ಞರು ಈ ಇಬ್ಬರನ್ನೂ ಸಂದರ್ಶಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅದೃಷ್ಟದ ಅಧ್ಯಯನ ನಿಜವಾಗಿ ಶುರುವಾದದ್ದು ಇಲ್ಲಿಂದ ಎನ್ನಬೇಕು. ಆಕಸ್ಮಿಕಗಳು ಸಿದ್ಧವಾಗಿರುವ ಮನಸ್ಸಿಗೇ ಒಲಿಯುತ್ತವೆ ಎಂದು ಲೂಯಿ ಪಾಶ್ಚರ್ 1854ರಲ್ಲೇ ಲೀಲ್ ನಗರದಲ್ಲಿ ಹೇಳಿದ್ದರು, ನಿಜ. ಆದರೆ ಅದು ಗೆದ್ದವರನ್ನು ನೋಡಿ ಆಡಿದ ಮಾತು. ಬಾರ್ಬರ್ ಮತ್ತು ಫಾಕ್ಸ್ ಕೈತಪ್ಪಿಸಿಕೊಂಡವರ ಬಳಿಗೂ ಹೋದರು. ಕೆಲ್ನರ್ ದಡ್ಡರಲ್ಲ, ಸೋಮಾರಿಯೂ ಅಲ್ಲ. ಕಿವಿಯನ್ನು ನೋಡಿಯೂ ಇದ್ದರು. ಅವರ ಕೆಲಸದ ದಾರಿ ಬೇರೆ ಕಡೆಗೆ ತಿರುಗಿತ್ತು, ಅಷ್ಟೆ.

ಮುಂದಿನ ಹೆಜ್ಜೆ ಪ್ರಯೋಗಾಲಯದ ಹೊರಗೆ ಬಿತ್ತು. ಮಾರ್ಕ್ ಗ್ರಾನೊವೆಟರ್ ಎಂಬ ಯುವ ಸಂಶೋಧಕ ಬಾಸ್ಟನ್ ಬಳಿಯ ನ್ಯೂಟನ್ ಊರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು, ಕೆಲಸದ ಸುದ್ದಿ ಯಾರಿಂದ ತಿಳಿಯಿತು ಎಂದು ವಿಚಾರಿಸಿದರು. ಪರಿಚಿತರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ. ಶೇ. 27.8 ಮಂದಿಯ ವಿಷಯದಲ್ಲಿ ಭೇಟಿ ತೀರಾ ಅಪರೂಪ; ಉಳಿದವರದು ಎಂದೋ ಒಮ್ಮೊಮ್ಮೆ. ಆಪ್ತ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ; ಹೊಸ ಸುದ್ದಿ ಬರುವುದು ದೂರದವರಿಂದ. ನಮ್ಮ ಕಡೆಯ ವಶೀಲಿಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಒತ್ತು ಶಿಫಾರಸಿಗಿಂತ ಮಾಹಿತಿಯ ಮೇಲೆ. ಒಂದು ಪತ್ರಿಕೆ ತಿರಸ್ಕರಿಸಿದ ಈ ವಾದ, ಪರಿಷ್ಕರಣೆಯ ನಂತರ 1973ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಬೆಳಕು ಕಂಡು, ಸಮಾಜಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಪ್ರಬಂಧಗಳಲ್ಲಿ ಒಂದಾಯಿತು.

ಗ್ರಾನೊವೆಟರ್ ಹತ್ತಿರ ಇದ್ದದ್ದು ಕೆಲವೇ ಜನರ ಉತ್ತರ. 2022ರಲ್ಲಿ ಕಾರ್ತಿಕ್ ರಾಜ್‌ಕುಮಾರ್ ಮತ್ತು ಸಂಗಡಿಗರು ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದ ಪ್ರಯೋಗಗಳನ್ನು ವಿಶ್ಲೇಷಿಸಿದರು. ಹಳೆಯ ವಾದ ಹೆಚ್ಚುಕಡಿಮೆ ಉಳಿಯಿತು, ಒಂದು ತಿದ್ದುಪಡಿಯೊಂದಿಗೆ. ತೀರಾ ದೂರದ ಪರಿಚಯಕ್ಕಿಂತ ಮಧ್ಯಮ ಅಂತರದ ಪರಿಚಯವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮನಶ್ಶಾಸ್ತ್ರ ಈ ಕಡೆ ತಡವಾಗಿ ತಿರುಗಿತು. ಆಲ್ಬರ್ಟ್ ಬಂಡೂರ 1982ರಲ್ಲಿ, ಆಕಸ್ಮಿಕ ಭೇಟಿಗಳು ಬದುಕಿನ ದಾರಿಯನ್ನೇ ಬದಲಿಸುವಾಗ ನಮ್ಮ ಶಾಸ್ತ್ರ ಅವುಗಳ ಬಗ್ಗೆ ಏಕೆ ಮೌನವಾಗಿದೆ ಎಂದು ಕೇಳಿದರು. ಅವರಿಗೆ ಇದು ಸ್ವಂತ ಅನುಭವ. ಬೆಳಿಗ್ಗೆ ಬೇಗ ಕಾಲೇಜಿಗೆ ಬರುವ ಗೆಳೆಯರ ಜೊತೆ ಕಾರಿನಲ್ಲಿ ಬಂದು, ಖಾಲಿ ಹೊತ್ತು ತುಂಬಿಸಲು ಆರಿಸಿಕೊಂಡ ತರಗತಿ ಮನಶ್ಶಾಸ್ತ್ರದ್ದು.

ಇಲ್ಲಿಂದ ಜನಪ್ರಿಯ ಪುಸ್ತಕಗಳ ಕಾಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಜನರಿಗೆ ಒಂದು ಪತ್ರಿಕೆ ಕೊಟ್ಟು ಅದರಲ್ಲಿನ ಚಿತ್ರಗಳನ್ನು ಎಣಿಸಲು ಹೇಳಿದರು. ಎಣಿಕೆ ನಿಲ್ಲಿಸಿ, ಇರುವುದು 43 ಚಿತ್ರ ಎಂದು ಎರಡನೇ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ತಮ್ಮನ್ನು ಅದೃಷ್ಟವಂತರೆಂದುಕೊಂಡವರು ಅದನ್ನು ಬೇಗ ಕಂಡರು. ನತದೃಷ್ಟರೆಂದುಕೊಂಡವರು ಎಣಿಸುತ್ತಲೇ ಹೋದರು. ಪ್ರಯೋಗ ಸೊಗಸಾಗಿದೆ, ಭಾಷಣಗಳಲ್ಲಿ ಚೆನ್ನಾಗಿ ಒಪ್ಪುತ್ತದೆ. ಆದರೆ ಒಮ್ಮೆ ಅದೃಷ್ಟ ಕೈಹಿಡಿದವರು ಆಮೇಲೆ ನಿರಾಳವಾಗಿ ಸುತ್ತ ನೋಡಬಲ್ಲರು ಎಂಬ ತಿರುವುಮುರುವು ಸಾಧ್ಯತೆಯನ್ನು ಅದು ತಳ್ಳಿಹಾಕುವುದಿಲ್ಲ.

ಅಂಥ ಅನುಮಾನಕ್ಕೆ ಬಲ ತುಂಬಿದ್ದು 2006ರ ಒಂದು ಪ್ರಯೋಗ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಮೂವರೂ ಸೇರಿ ಹೆಸರು ಮಾಡಿರದ ತಂಡಗಳ 48 ಹಾಡುಗಳನ್ನು 14,341 ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡು ಮಾತ್ರ ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ‘ಲೋಕ’ಗಳಿಗೆ ಹಂಚಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಎಂಬುದನ್ನೂ ತೋರಿಸಿದರು. ಯಾರ ಪ್ರಭಾವವೂ ಇಲ್ಲದ ಗುಂಪಿನಲ್ಲಿ 26ನೇ ಸ್ಥಾನಕ್ಕೆ ಬಂದ ಒಂದು ಹಾಡು, ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ಕ್ಕೆ ಇಳಿಯಿತು. ಅತ್ಯುತ್ತಮ ಹಾಡುಗಳು ತೀರಾ ಕೆಳಗೆ ಬಿದ್ದದ್ದು ಅಪರೂಪ, ಕಳಪೆಯವು ಮೇಲೇರಿದ್ದೂ ಅಪರೂಪ. ನಡುವಿನವುಗಳ ಹಣೆಬರಹ ಮಾತ್ರ ಮೊದಲು ಬಂದ ಕೆಲವರ ಕೈಯಲ್ಲಿತ್ತು.

ಹಾಗಾದರೆ ಪಟ್ಟು ಹಿಡಿದು ಪ್ರಯತ್ನಿಸುವುದರ ಬೆಲೆ ಏನು? ಮನಶ್ಶಾಸ್ತ್ರಜ್ಞೆ ಏಂಜೆಲಾ ಡಕ್‌ವರ್ತ್ 2007ರಲ್ಲಿ ಛಲವನ್ನು ಅಳೆಯುವ ಮಾಪಕವನ್ನು ಮುಂದಿಟ್ಟರು. ಅದು ಮನಶ್ಶಾಸ್ತ್ರಕ್ಕೆ ಮೊದಲೇ ಗೊತ್ತಿದ್ದ ಶ್ರದ್ಧೆಯ ಗುಣಕ್ಕಿಂತ ಹೆಚ್ಚು ಭಿನ್ನವಲ್ಲ ಎಂದು 2017ರ ಒಂದು ದೊಡ್ಡ ಸಮೀಕ್ಷೆ ತೋರಿಸಿತು. ಹೆಚ್ಚು ತಿಳಿವು ಕೊಟ್ಟದ್ದು ಸಂಶೋಧನಾ ಅನುದಾನದ ದಾಖಲೆಗಳು. ನೆದರ್‌ಲ್ಯಾಂಡ್ಸ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಅನುದಾನ ಗೆದ್ದ ಯುವ ವಿಜ್ಞಾನಿಗಳು, ಅಷ್ಟೇ ಅಂತರದಲ್ಲಿ ಸೋತವರಿಗಿಂತ ಮುಂದಿನ ಎಂಟು ವರ್ಷಗಳಲ್ಲಿ ಎರಡು ಪಟ್ಟಿಗೂ ಹೆಚ್ಚು ಹಣ ಪಡೆದರು ಎಂದು 2018ರ ಅಧ್ಯಯನವೊಂದು ಕಂಡುಕೊಂಡಿತು. ಸೋತವರು ಮತ್ತೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು ಒಂದು ಕಾರಣ. ಮರುವರ್ಷ ಅಮೆರಿಕದ ವೈದ್ಯಕೀಯ ಅನುದಾನಗಳ ಲೆಕ್ಕದಿಂದ ಇನ್ನೊಂದು ಮುಖ ಹೊರಬಂತು. ಸ್ವಲ್ಪದರಲ್ಲಿ ಸೋತವರಲ್ಲಿ ಶೇ. 10ಕ್ಕೂ ಹೆಚ್ಚು ಮಂದಿ ಆ ವ್ಯವಸ್ಥೆಯಿಂದಲೇ ಕಣ್ಮರೆಯಾದರು. ಕಣದಲ್ಲಿ ಉಳಿದವರು, ಸ್ವಲ್ಪದರಲ್ಲಿ ಗೆದ್ದವರನ್ನೂ ಮೀರಿಸುವ ಕೆಲಸ ಮಾಡಿದರು. ಎರಡನ್ನೂ ಒಟ್ಟಿಗೆ ಓದಬೇಕು. ಸೋಲು ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎನ್ನುವವರು ಎರಡನೆಯದನ್ನಷ್ಟೇ ಎತ್ತಿ ಹೇಳುತ್ತಾರೆ. ಮನೆ ಬಾಡಿಗೆ ಕಟ್ಟಬೇಕಾದವನಿಗೆ ಇನ್ನೊಂದು ವರ್ಷ ಕಾಯುವುದು ಛಲದ ಪ್ರಶ್ನೆ ಮಾತ್ರವಲ್ಲ.

ಅನುದಾನದಲ್ಲಿ ಅದೃಷ್ಟದ ಪಾಲಿದೆ ಎಂಬುದನ್ನು ಕೆಲವು ಸಂಸ್ಥೆಗಳು ನೇರವಾಗಿಯೇ ಒಪ್ಪಿಕೊಂಡಿವೆ. ನ್ಯೂಜಿಲೆಂಡ್‌ನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಒಂದು ಬಗೆಯ ಅನುದಾನವನ್ನು ಚೀಟಿ ಎತ್ತಿ ಹಂಚುತ್ತ ಬಂತು. ಅರ್ಹವಲ್ಲದ ಅರ್ಜಿಗಳನ್ನು ಮೊದಲೇ ಬೇರ್ಪಡಿಸಿ, ಉಳಿದವುಗಳ ನಡುವೆ ಮಾತ್ರ ಚೀಟಿ. ಬ್ರಿಟಿಷ್ ಅಕಾಡೆಮಿ 2022ರಲ್ಲಿ ಇಂಥದೇ ಪ್ರಯೋಗಕ್ಕೆ ಇಳಿಯಿತು. ನ್ಯೂಜಿಲೆಂಡ್‌ನಲ್ಲಿ ಅರ್ಜಿ ಹಾಕಿದ್ದವರನ್ನು ಆಮೇಲೆ ಕೇಳಿದಾಗ, ಉತ್ತರ ಕೊಟ್ಟವರಲ್ಲಿ ಶೇ. 63 ಮಂದಿ ಈ ಪದ್ಧತಿಯ ಪರವಾಗಿದ್ದರು. ಚೀಟಿಯಲ್ಲಿ ಹೆಸರು ಬಂದವರ ಬೆಂಬಲ ಸಹಜವಾಗಿಯೇ ಹೆಚ್ಚು. ಚೀಟಿ ಇದೆಯೆಂದು ಅರ್ಜಿ ಬರೆಯುವ ರೀತಿಯನ್ನೇನೂ ಬದಲಿಸಲಿಲ್ಲ ಎಂದು ಹೆಚ್ಚಿನವರು ಹೇಳಿದರು.