ದೆವ್ವದ ತಾಯ್ನುಡಿ

ಅಕ್ಟೋಬರ್ 31ರ ರಾತ್ರಿ ಹೊರನಾಡ ಕನ್ನಡಿಗರಾದ ನಮಗೆ ಮೊದಲಿನಿಂದಲೂ ಕೆಲಸದ ರಾತ್ರಿ. ಬೆಳಗಾದರೆ ರಾಜ್ಯೋತ್ಸವ. ಹಳದಿ-ಕೆಂಪು ಬಾವುಟಕ್ಕೆ ಇಸ್ತ್ರಿಯಾಗಬೇಕು, ಭುವನೇಶ್ವರಿಯ ಪಟಕ್ಕೆ ಹೂವು ಬರಬೇಕು, ಮಕ್ಕಳು ನಾಡಗೀತೆಯನ್ನು ಇನ್ನೊಮ್ಮೆ ಹಾಡಿ ನೋಡಬೇಕು. ಈಚಿನ ಕೆಲವು ವರ್ಷಗಳಿಂದ ಚಿಕಲಠಾಣಾದ ನಮ್ಮ ವಸತಿ ಸಮುಚ್ಚಯಗಳಿಗೆ ಅದೇ ರಾತ್ರಿ ಮತ್ತೊಂದು ಹಬ್ಬವೂ ಬಂದು ಸೇರಿಕೊಂಡಿದೆ. ಮುಖಕ್ಕೆ ಬಿಳಿ ಪೌಡರು, ಕಣ್ಣ ಕೆಳಗೆ ಕಾಡಿಗೆ ಬಳಿದುಕೊಂಡ ಮಕ್ಕಳು ಮನೆಮನೆಯ ಗಂಟೆ ಒತ್ತಿ ಚಾಕಲೇಟು ಕೇಳುತ್ತಾರೆ. ಕೆಲವೇ ವಾರಗಳ ಹಿಂದೆ ಆಯುಧಪೂಜೆಯಲ್ಲಿ ದೃಷ್ಟಿ ತೆಗೆದು ಒಡೆದ ಕುಂಬಳಕಾಯಿಗೆ ಈಗ ಕಣ್ಣು, ಹಲ್ಲು ಕೊರೆಯುವುದನ್ನು ಕಂಡು ಬಳಗದ ಹಿರಿಯರು ಕೆಲವರು ಮುಖ ಸಿಂಡರಿಸಿದ್ದುಂಟು. ಆದರೆ ದೆವ್ವದ ಕಥೆ ಬೇಡವೆನ್ನುವ ಮನೆ ನಮ್ಮಲ್ಲಿ ಒಂದೂ ಇಲ್ಲ. ಬಾವುಟದ ಕೆಲಸ ಮುಗಿದ ಮೇಲೆ ಎಲ್ಲರೂ ಒಂದು ಮನೆಯಲ್ಲಿ ಕಲೆತು ಭಯದ ಸಿನಿಮಾ ನೋಡುವುದು ಹೀಗೆ ವಾಡಿಕೆಯಾಯಿತು.

ಎರಡು ವರ್ಷಗಳ ಹಿಂದೆ ಇಂಥದೇ ರಾತ್ರಿ ನಮ್ಮ ಬಳಗದ ಪುಟ್ಟ ಹುಡುಗಿಯೊಬ್ಬಳು, ಅಜ್ಜಿ ಹೇಳಿದ ಕಥೆ ಕೇಳಿ, ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಅದರಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು, ದೇವನಾಗರಿ ಅಕ್ಷರಗಳಲ್ಲಿ. ಮನೆಯಲ್ಲಿ ಕನ್ನಡವನ್ನೇ ಮಾತಾಡುವ ಆ ಮಗುವಿಗೆ ಕನ್ನಡ ಲಿಪಿ ಬಾರದು. ಎದುರುಮನೆಯ ಮರಾಠಿ ಕಾಕೂ ಅದನ್ನು ಓದಿ ತಬ್ಬಿಬ್ಬಾದರು. ಮರಾಠಿಯಲ್ಲಿ ‘ನಾಳ’ ಎಂದರೆ ಹೊಕ್ಕುಳಬಳ್ಳಿ; ಹಳ್ಳಿಯ ಮಾತಿನಲ್ಲಿ ‘ಬಾ’ ಎಂದರೆ ಅಪ್ಪ. ಮನೆಯಲ್ಲಿ ಏನಾದರೂ ಶುಭಸಮಾಚಾರವೇ ಎಂದು ಅವರು ವಿಚಾರಿಸಿದರು. ಎಲ್ಲರೂ ನಕ್ಕೆವು. ಆದರೆ ಅಜ್ಜಿ ನಗಲಿಲ್ಲ. ‘ಅಲ್ಲವ್ವಾ, ನಮ್ಮ ದೆವ್ವಕ್ಕೆ ಈ ಅಕ್ಷರ ಓದಾಕ ಬರತದೇನು?’ ಎಂದು ಮೊಮ್ಮಗಳನ್ನು ಕೇಳಿದರು. ಈ ವರ್ಷ ನೋಡಬೇಕಾದ ಚಿತ್ರಗಳನ್ನು ನಾವು ಆ ಪ್ರಶ್ನೆಯ ಎಳೆ ಹಿಡಿದೇ ಆರಿಸಿದ್ದೇವೆ.

ಕಥೆ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಒಂದು ವದಂತಿ ಹಬ್ಬಿತ್ತು. ರಾತ್ರಿ ಹೊತ್ತು ಹೆಣ್ಣುದೆವ್ವವೊಂದು ಬೀದಿ ಸುತ್ತಿ ಬಾಗಿಲು ತಟ್ಟುತ್ತದೆ, ಮನೆಯವರಿಗೆ ಪರಿಚಿತವಾದ ದನಿಯಲ್ಲಿ, ತಾಯಿಯ ಅಥವಾ ಒಡಹುಟ್ಟಿದವರ ದನಿಯಲ್ಲಿ, ಹೆಸರು ಹಿಡಿದು ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ. ಅದಕ್ಕೆ ಜನ ಕಂಡುಕೊಂಡ ಉಪಾಯವೆಂದರೆ ಗೋಡೆಯ ಮೇಲೋ ಬಾಗಿಲ ಮೇಲೋ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹೊರಟುಹೋಗುತ್ತದೆ. ಮರುರಾತ್ರಿ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಮಂತ್ರವಾದಿಯಿಲ್ಲ, ನಿಂಬೆಹಣ್ಣಿಲ್ಲ, ತಾಯಿತವಿಲ್ಲ. ಒಂದು ತುಂಡು ಇದ್ದಿಲಿದ್ದರೆ ಸಾಕು.

ಈ ಉಪಾಯದ ಮೂಲ ಎಲ್ಲಿಯದೆಂದು ನಾವು ಬಹಳ ಹರಟಿದ್ದೇವೆ. ನಮ್ಮ ಊಹೆ ಇಷ್ಟು: ಇದು ಅಂಗಡಿಯವನ ಬುದ್ಧಿ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆಯನ್ನು ಉತ್ತರ ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿ ಕಾಣದವರುಂಟೇ? ಇಲ್ಲಿನ ಅಂಗಡಿಗಳಲ್ಲಿ ಅದೇ ಮಾತು ಮರಾಠಿಯಲ್ಲಿ ತೂಗುತ್ತದೆ. ಸಾಲಗಾರನನ್ನು ಸಾಗಹಾಕುವ ಮಾತಿನಿಂದಲೇ ದೆವ್ವವನ್ನೂ ಸಾಗಹಾಕಿದ ಈ ಜಾಣತನಕ್ಕೆ ತಲೆದೂಗಲೇಬೇಕು. ಆದರೆ ಇದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಈ ದೆವ್ವ ನಂಬುವ ಜೀವ. ಬರೆದ ಮಾತನ್ನು ಪ್ರತಿ ರಾತ್ರಿಯೂ ನಿಜವೆಂದು ನಂಬುತ್ತದೆ. ವಂಚನೆ ನಮ್ಮ ಕಡೆಯದು.

ಈ ಕನ್ನಡ ದೆವ್ವ ವಿಂಧ್ಯದವರೆಗೂ ನಡೆದುಹೋಯಿತು. 2018ರ ಆಗಸ್ಟ್ 31ರಂದು ತೆರೆಕಂಡ ಹಿಂದಿ ಚಿತ್ರ ‘ಸ್ತ್ರೀ’ಯ ಬೇರು ಇದೇ ವದಂತಿಯಲ್ಲಿದೆ. ಅಮರ್ ಕೌಶಿಕ್ ನಿರ್ದೇಶಿಸಿ, ರಾಜ್ ಮತ್ತು ಡಿ.ಕೆ. ಬರೆದ ಈ ಚಿತ್ರದಲ್ಲಿ ಕಥೆ ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಯುತ್ತದೆ; ಗೋಡೆಗಳ ಮೇಲಿನ ‘ನಾಳೆ ಬಾ’ ಹಿಂದಿಗೆ ತಿರುಗಿದೆ. ದೆವ್ವ ಓದು ಬಲ್ಲವಳೆಂಬುದನ್ನು ಚಿತ್ರ ನಗೆಯ ವಸ್ತುವಾಗಿಯೂ ಬಳಸುತ್ತದೆ. ನಮಗೆ ಹಿಡಿಸಿದ್ದು ಕೊನೆಯ ಭಾಗ. ಊರವರು ಅವಳನ್ನು ದೂಡುವ ಗೋಡೆಬರಹವನ್ನು ಅಳಿಸಿ, ತಮ್ಮನ್ನು ಕಾಯೆಂದು ಅವಳನ್ನೇ ಬೇಡುವ ಬರಹವನ್ನು ಬರೆಯುತ್ತಾರೆ. ಬೆಂಗಳೂರಿನ ಗೋಡೆಗಳಿಗೆ ಹೊಳೆಯದಿದ್ದ ಮಾತು ಅದು. ಮಕ್ಕಳನ್ನೂ ಕೂರಿಸಿಕೊಂಡು ನೋಡಬಹುದಾದ ಚಿತ್ರ, ಒಂದೆರಡು ಪೋಲಿ ಮಾತುಗಳನ್ನು ಹೊಟ್ಟೆಗೆ ಹಾಕಿಕೊಳ್ಳುವುದಾದರೆ.

ಕನ್ನಡದ ದೆವ್ವ ಹಿಂದಿಗೆ ಹೋದದ್ದು ಅದೇ ಮೊದಲಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯನ್ನು ಹಿರಿಯರು ಈಗಲೂ ದನಿ ತಗ್ಗಿಸಿಯೇ ನೆನೆಯುತ್ತಾರೆ. ವಿಜಯ್ ನಿರ್ದೇಶನ, ರಾಜನ್-ನಾಗೇಂದ್ರರ ಸಂಗೀತ. ದೆವ್ವ ಹಿಡಿದ ಗಂಡನಾಗಿ ಅನಂತನಾಗ್, ಅವನನ್ನು ಬಿಡಿಸಿಕೊಳ್ಳಲು ಹೋರಾಡುವ ಹೆಂಡತಿಯಾಗಿ ಲಕ್ಷ್ಮಿ. ಅಂದಿನ ತಂತ್ರಗಳು ಇಂದಿನ ಹುಡುಗರಿಗೆ ಬಾಲಿಶವೆನಿಸಬಹುದು. ಅನಂತನಾಗ್ ಅವರ ಕಣ್ಣುಗಳು ಹಾಗೆನಿಸಲಾರವು. ಎರಡೇ ವರ್ಷಗಳಲ್ಲಿ, 1981ರಲ್ಲಿ, ಅದೇ ನಿರ್ದೇಶಕರು ಅದೇ ನಾಯಕನೊಡನೆ ರೇಖಾ ಅವರನ್ನು ಸೇರಿಸಿ ಹಿಂದಿಯಲ್ಲಿ ಮಾಡಿದರು. ಹೆಸರು ‘ಮಂಗಳಸೂತ್ರ’. ಇಲ್ಲಿಯೇ ನಷ್ಟವಾದದ್ದು. ‘ನಾ ನಿನ್ನ ಬಿಡಲಾರೆ’ ಎಂಬ ಮಾತನ್ನು ಹೆಂಡತಿಯೂ ಹೇಳಬಹುದು, ದೆವ್ವವೂ ಹೇಳಬಹುದು. ಪ್ರೀತಿಗೂ ಹಿಡಿತಕ್ಕೂ ಮಾತು ಒಂದೇ ಎಂಬ ದಿಗಿಲು ಆ ಮೂರು ಪದಗಳಲ್ಲಿದೆ. ಹಿಂದಿಯ ಹೆಸರು ಹೆಂಡತಿಯ ಕೊರಳನ್ನಷ್ಟೇ ನೋಡಿತು. ದೆವ್ವದ ಪಾಲಿನ ಮಾತು ದಾರಿಯಲ್ಲಿ ಬಿದ್ದುಹೋಯಿತು.

ದೆವ್ವಕ್ಕೆ ದೇಹವಿಲ್ಲದಿದ್ದರೂ ದನಿ ಬೇಕೇ ಬೇಕು. ಕಮಾಲ್ ಅಮ್ರೋಹಿಯವರ ‘ಮಹಲ್’ (1949) ನಮ್ಮ ದೇಶದ ಭೂತಬಂಗಲೆ ಚಿತ್ರಗಳಿಗೆಲ್ಲ ಅಜ್ಜಿ. ಅದರಲ್ಲಿ ಅಶೋಕ್ ಕುಮಾರರನ್ನು ಸೆಳೆದೊಯ್ಯುವುದು ಒಂದು ಹಾಡು. ಹಾಡಿದವರು ಲತಾ ಮಂಗೇಶ್ಕರ್. ಮೊದಲು ಹೊರಬಂದ ಧ್ವನಿಮುದ್ರಿಕೆಯ ಮೇಲೆ ಇದ್ದದ್ದು ಮಾತ್ರ ಚಿತ್ರದ ಪಾತ್ರವಾದ ಕಾಮಿನಿಯ ಹೆಸರು. ದೆವ್ವವೇ ಹಾಡಿದಂತಾಯಿತು! ಇನ್ನು ಪಶ್ಚಿಮಕ್ಕೆ ಬಂದರೆ, ಅರಿಯದ ಭಾಷೆಯಲ್ಲಿ ಮಾತಾಡುವುದನ್ನು ರೋಮನ್ ಕ್ಯಾಥೊಲಿಕ್ ವಿಧಿಗ್ರಂಥ ದೆವ್ವ ಹಿಡಿದುದರ ಲಕ್ಷಣಗಳಲ್ಲಿ ಒಂದೆಂದು ಎಣಿಸಿತ್ತು. ವಿಲಿಯಂ ಫ್ರೀಡ್‌ಕಿನ್‌ರ ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರದಲ್ಲಿ ಹುಡುಗಿಯ ಅರ್ಥವಾಗದ ಮಾತನ್ನು ಧ್ವನಿಮುದ್ರಿಸಿ ಪರೀಕ್ಷಿಸಿದಾಗ ತಿಳಿಯುವುದೇನು? ಅದು ಹಿಂದುಮುಂದಾದ ಇಂಗ್ಲಿಷ್, ಅವರದೇ ಭಾಷೆ. ಹುಡುಗಿಯ ತಲೆ ತಿರುಗುವ ದೃಶ್ಯವನ್ನು ಎಲ್ಲರೂ ನೆನಪಿಡುತ್ತಾರೆ. ನಮ್ಮನ್ನು ಹೆಚ್ಚು ಕಾಡಿದ್ದು ಇದು.

ಈಗ ನಾಗವಲ್ಲಿಯ ಮಾತಿಗೆ ಬರೋಣ. ಈ ಲೇಖನ ಹೊರಟದ್ದೇ ಅವಳಿಗಾಗಿ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (ಕಥೆ ಮಧು ಮುಟ್ಟಂ, ನಿರ್ದೇಶನ ಫಾಜಿಲ್) ದಕ್ಷಿಣದ ಭಯದ ಚಿತ್ರಗಳಿಗೆಲ್ಲ ಕಳಶಪ್ರಾಯ. ಅದನ್ನು ಪಿ. ವಾಸು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದರು, 2005ರಲ್ಲಿ ತಮಿಳಿನ ‘ಚಂದ್ರಮುಖಿ’ಯೂ ಅವರದೇ. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲೈಯಾ’ ಮಾಡಿದರು. ಕಥೆ ಒಂದೇ. ಪರನಾಡಿನ ನರ್ತಕಿಯೊಬ್ಬಳನ್ನು ಅರಸನೊಬ್ಬ ತನ್ನ ಅರಮನೆಗೆ ತಂದು, ಅವಳ ಪ್ರಿಯನಿಂದ ಅಗಲಿಸಿ, ಕೊಲ್ಲುತ್ತಾನೆ. ಕಾಲಾಂತರದಲ್ಲಿ ಆ ಮನೆಗೆ ಬಂದ ಹೊಸ ಸೊಸೆಯ ಬಾಯಲ್ಲಿ ಅವಳ ಮಾತು ಹೊರಡುತ್ತದೆ. ಭಾಷೆಗಳನ್ನು ಗಮನಿಸಿ. ಕೇರಳದ ಮನೆಯ ದೆವ್ವ ತಮಿಳು ಆಡುತ್ತದೆ. ಕನ್ನಡದ ಅರಮನೆಯ ದೆವ್ವ ತೆಲುಗು ಆಡುತ್ತದೆ. ತಮಿಳು ಚಿತ್ರದ ದೆವ್ವವೂ ತೆಲುಗಿನದೇ. ಹಿಂದಿಯ ಹವೇಲಿಯ ಮಂಜುಲಿಕಾ ಬಂಗಾಳಿ. ಯಾವ ಭಾಷೆಗೆ ಹೋದರೂ ದೆವ್ವ ಪಕ್ಕದ ನಾಡಿನವಳು!

ಇದನ್ನು ನೆರೆಯವರ ಬಗೆಗಿನ ಅನುಮಾನವೆಂದು ಓದಬಹುದು. ನಾವು ಹಾಗೆ ಓದಲಾರೆವು. ಬೀಗ ಹಾಕಿದ ಕೋಣೆಯಲ್ಲಿ ಕುಳಿತವಳು ಬೇರೆಯವರ ಮನೆಯಲ್ಲಿ ತನ್ನ ನುಡಿಯನ್ನು ಆಡಲು ಒಬ್ಬರೂ ಇಲ್ಲದೆ ಸತ್ತವಳು. ಆಪ್ತಮಿತ್ರದಲ್ಲಿ ಸೌಂದರ್ಯ ಕನ್ನಡ ಬಿಟ್ಟು ತೆಲುಗಿಗೆ ಹೊರಳುವ ಆ ಗಳಿಗೆಯಲ್ಲಿ ನಮಗೆ ಭಯದ ಜೊತೆಗೆ ಇನ್ನೇನೋ ಆಗುತ್ತದೆ. ಹಗಲೆಲ್ಲ ಕಾರ್ಖಾನೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಆಡಿ, ಸಿಟ್ಟು ಬಂದಾಗ ಮಾತ್ರ ಬಾಯಿಂದ ಕನ್ನಡ ಹೊರಡುವುದು ಚಿಕಲಠಾಣಾದ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ನಮ್ಮೆಲ್ಲರ ಅನುಭವ. ಸೌಂದರ್ಯ ಅವರೂ ಕೋಲಾರ ಸೀಮೆಯ ಕನ್ನಡದ ಹೆಣ್ಣುಮಗಳಾಗಿದ್ದು ತೆಲುಗು ಚಿತ್ರರಂಗದಲ್ಲಿ ಬಾಳಿದವರು. 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆ ಹೊರಟ ಸಣ್ಣ ವಿಮಾನ ಬೆಂಗಳೂರಿನಲ್ಲಿ ಬಿದ್ದು ಅವರು ತೀರಿಕೊಂಡರು. ಆಪ್ತಮಿತ್ರ ತೆರೆಕಂಡದ್ದು ಆಗಸ್ಟಿನಲ್ಲಿ. ಅಂದು ಚಿತ್ರಮಂದಿರದಲ್ಲಿ ಕುಳಿತ ನಮ್ಮಲ್ಲಿ ಹಲವರಿಗೆ ‘ರಾ ರಾ’ ಎಂಬ ಕರೆ ಬರಿಯ ಪಾತ್ರದ ಕರೆಯಾಗಿ ಕೇಳಲಿಲ್ಲ.

ಇದೇ ಕಥೆಗೆ ನಮ್ಮನ್ನು ಚುಚ್ಚುವ ಮತ್ತೊಂದು ಮೊನೆಯಿದೆ. ಊರಿನಿಂದ ಬಂದ ನೆಂಟರನ್ನು ನಾವು ತಪ್ಪದೆ ಎಲ್ಲೋರಕ್ಕೆ ಕರೆದೊಯ್ಯುತ್ತೇವೆ. ಕೈಲಾಸ ದೇವಾಲಯದ ಮುಂದೆ ನಿಂತು, ಇದು ರಾಷ್ಟ್ರಕೂಟ ಕೃಷ್ಣನ ಕಾಲದ್ದು, ನಮ್ಮವರದು ಎನ್ನುತ್ತೇವೆ. ಕವಿರಾಜಮಾರ್ಗ ಕನ್ನಡ ನಾಡಿಗೆ ಗೋದಾವರಿಯನ್ನು ಮೇರೆಯಾಗಿ ಹೇಳಿತು. ಗೋದಾವರಿ ನಮ್ಮ ದಕ್ಷಿಣಕ್ಕೆ ಪೈಠಣದಲ್ಲಿ ಹರಿಯುವುದರಿಂದ ನಾವು ಆ ಮೇರೆಯಿಂದಲೂ ಆಚೆ. ಈಚಿನ ಲೆಕ್ಕವೂ ಇದೆ: ನಿಜಾಮನ ಒಂದೇ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ, ರಾಯಚೂರುಗಳು 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿದವು, ಮರಾಠವಾಡಾ ಮುಂಬಯಿ ರಾಜ್ಯಕ್ಕೆ ಸೇರಿತು. ನಾವು ಇಲ್ಲಿ ಹಬ್ಬ ಮಾಡುವ ದಿನವೇ ಈ ಊರು ನಮ್ಮ ಅಜ್ಜಂದಿರ ಊರುಗಳಿಂದ ಬೇರೆಯಾದ ದಿನ. ಇಷ್ಟಾದರೂ ಸಾವಿರದಿನ್ನೂರು ವರ್ಷ ಹಿಂದಿನ ಒಡೆತನವನ್ನು ಬಿಡೆವು. ಕೋಣೆ ತೆರವು ಮಾಡಲೊಪ್ಪದ ನಾಗವಲ್ಲಿಗೂ ನಮಗೂ ಹೆಚ್ಚು ಅಂತರವಿಲ್ಲವೆಂದು ಬಳಗದ ಒಬ್ಬರು ಹೇಳಿದಾಗ ಯಾರಿಗೂ ಉತ್ತರ ಹೊಳೆಯಲಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇವೆ. ಪವನ್ ಕುಮಾರರ ‘ಯು-ಟರ್ನ್’ (2016) ಬೆಂಗಳೂರಿನ ಮೇಲ್ಸೇತುವೆಯೊಂದರ ಕಥೆ. ರಸ್ತೆ ನಡುವಿನ ಕಲ್ಲು ಸರಿಸಿ ಅಡ್ಡದಾರಿ ಹಿಡಿದವರ ಬೆನ್ನು ಬೀಳುವ ಈ ದೆವ್ವಕ್ಕೆ ಲಿಪಿಯ ತೊಡಕಿಲ್ಲ. ಆದ್ದರಿಂದಲೇ ಮಲಯಾಳಂ, ತಮಿಳು, ತೆಲುಗು, ಹಿಂದಿ ದಾಟಿ ಫಿಲಿಪ್ಪೀನ್ಸ್‌ವರೆಗೂ ಹೋಯಿತು. ಉಪೇಂದ್ರರ ‘ಶ್!’ (1993) ಇಂದಿಗೂ ಚುರುಕಾಗಿದೆ. ‘ಕಾಂತಾರ’ವನ್ನು (2022) ಈ ಪಟ್ಟಿಗೆ ಸೇರಿಸಬೇಕೆಂದವರಿಗೆ ಬಳಗದ ಮಂಗಳೂರಿನವರು ಕಣ್ಣು ಕೆಂಪಗೆ ಮಾಡಿದರು: ತುಳುನಾಡಿನ ಭೂತ ಎಂದರೆ ದೈವ, ಘಟ್ಟದ ಮೇಲಿನ ದೆವ್ವವಲ್ಲ. ಅವರ ಮಾತು ಸರಿ. ಆದರೂ ಕಾಡಿನಲ್ಲಿ ಏಳುವ ಆ ಕೂಗಿಗೆ ಯಾವ ಭಾಷೆಯಲ್ಲೂ ಡಬ್ಬಿಂಗ್ ಬೇಕಾಗಲಿಲ್ಲ ಎಂಬುದನ್ನು ಇಲ್ಲಿ ನೆನೆಯದಿರಲಾರೆವು.

ನೆರೆಮನೆಯವರನ್ನೂ ಕರೆಯುವುದರಿಂದ ಮರಾಠಿಯದೂ ಒಂದು ಇರಲೇಬೇಕು. ವಿಶಾಲ್ ಫುರಿಯಾ ಅವರ ‘ಲಪಾಛಪಿ’ (2017) ಕಬ್ಬಿನ ಗದ್ದೆಯ ನಡುವಿನ ಮನೆಯೊಂದರಲ್ಲಿ ಸಿಕ್ಕಿಕೊಂಡ ಬಸುರಿಯ ಕಥೆ. ಹೆಣ್ಣು ಭ್ರೂಣಹತ್ಯೆಯನ್ನು ಇಷ್ಟು ನೇರವಾಗಿ ಎದುರಿಸಿದ ಭಯದ ಚಿತ್ರವನ್ನು ನಾವು ಬೇರೆ ಕಂಡಿಲ್ಲ. ಹಗಲು ಬಿಸಿಲಿನಲ್ಲಿಯೂ ಹೆದರಿಸುತ್ತದೆ. ಬಸುರಿಯರಿದ್ದ ಮನೆಯಲ್ಲಿ ಬೇಡ.

ಈ ಬಾರಿ ಸಂಜೆ ಏಳಕ್ಕೆ ಮಕ್ಕಳಿಗಾಗಿ ಮಹೇಶ್ ಕೊಠಾರೆಯವರ ‘ಝಪಾಟಲೇಲಾ’ (1993). ಕೊಲೆಗಡುಕ ಗೊಂಬೆ ತಾತ್ಯಾ ವಿಂಚು ಎಂದರೆ ಇಲ್ಲಿನ ಮಕ್ಕಳಿಗೆ ಪ್ರಾಣ. ಊಟವಾಗಿ ಅವರು ಮಲಗಿದ ಮೇಲೆ ಒಂಬತ್ತೂವರೆಗೆ ‘ಆಪ್ತಮಿತ್ರ’. ಚಿತ್ರ ದೊಡ್ಡದು, ಬೆಳಿಗ್ಗೆ ಎಂಟಕ್ಕೆ ಧ್ವಜ ಏರಿಸಬೇಕಾದ್ದರಿಂದ ನಡುವೆ ಚಹಾಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡುವಿಲ್ಲ. ಬಾಗಿಲ ಕಾಗದವನ್ನು ಹುಡುಗಿ ಈಗಾಗಲೇ ಬರೆದಿಟ್ಟಿದ್ದಾಳೆ. ‘ನಾ’ ಮತ್ತು ‘ಬಾ’ ಕನ್ನಡದಲ್ಲಿವೆ. ‘ಳೆ’ ಇನ್ನೂ ದೇವನಾಗರಿಯಲ್ಲಿದೆ. ಅದರ ಸುಳಿ ಅವಳ ಕೈಗೆ ಹತ್ತಿಲ್ಲ.